ಕೂಸಿನ ಕಣ್ಣೀರಿಗೂ ಕಿರ್ದಿ ಬೇಕು

(ರೋಣ ತಾಲೂಕಿನ ಸವಡಿಯಲ್ಲಿ ನಾವು ಮಾಡಿದ ಭಾಷಣ)



ಈ ಕಟ್ಟೆಯ ಮೇಲೆ ನಿಂತು ನಾವು ಕೂಲಿಯ ಮಾತು ಆಡಿದ್ದೇವೆ, ಹತ್ತಿಯ ಧಾರಣೆಯ ಮಾತು ಆಡಿದ್ದೇವೆ, ಸಾಲದ ಬಡ್ಡಿಯ ಮಾತು ಆಡಿದ್ದೇವೆ. ಇವತ್ತು ಆಡಹೊರಟಿರುವುದು ಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವ ಮಾತು. ಇದು ಸಭೆಯಲ್ಲಿ ಆಡುವ ಮಾತೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅನಿಸಲಿ. ಗಿರಣಿಯ ಕೆಲಸಗಾರನಿಗೆ ಅನ್ಯಾಯವಾದರೆ ಅವನಿಗೊಂದು ಸಂಘವಿದೆ. ವ್ಯಾಪಾರಸ್ಥನಿಗೆ ಅನ್ಯಾಯವಾದರೆ ಅವನಿಗೂ ಒಂದು ಸಂಘವಿದೆ. ಮನೆಯೊಳಗೆ ಬಡಿಸಿಕೊಳ್ಳುವ ಕೂಸಿಗೆ ಸಂಘವಿಲ್ಲ, ಮತವಿಲ್ಲ, ಅರ್ಜಿ ಬರೆಯಲು ಕೈಯಿಲ್ಲ. ಅದರ ಪರವಾಗಿ ಮಾತಾಡದವರು ದುರ್ಬಲರ ಪರ ಎಂದು ಹೇಳಿಕೊಳ್ಳುವುದಾದರೂ ಹೇಗೆ?

ನಮ್ಮ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇವೆ. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇವೆ.

ಹತ್ತಿ ಜಿನ್ನಿನಲ್ಲಿ ದುಡಿಯುವ ಒಬ್ಬ ತಾಯಿ ತನ್ನ ಎಂಟು ವರ್ಷದ ಮಗನನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು ಬಂದಳು. ತಂದೆ ಆ ಹುಡುಗನನ್ನು ಮೈಮೇಲೆ ಬರೆ ಮೂಡುವಂತೆ ಬಡಿಯುತ್ತಿದ್ದನು. ಸ್ವಲ್ಪ ದಿನಗಳಲ್ಲಿ ಆ ತಂದೆಯೇ ಕೋರ್ಟಿಗೆ ಹೋಗಿ, ಮಗನನ್ನು ತನ್ನ ಸುಪರ್ದಿಗೆ ಕೊಡಿಸಬೇಕೆಂದು ಅರ್ಜಿ ಹಾಕಿದನು. ಅವನ ಕಡೆ ಕಾಗದಗಳು ನೆಟ್ಟಗಿದ್ದವು. ಸಂಬಳದ ಚೀಟಿ ಇತ್ತು, ಮನೆಯ ಉತಾರ ಇತ್ತು, ಶಾಲೆಗೆ ತುಂಬಿದ ಹಣದ ಪಾವತಿಗಳಿದ್ದವು. ಈ ತಾಯಿಯ ಕಡೆ ಏನಿತ್ತು? ನ್ಯಾಯಾಧೀಶರು ಸಮಾಧಾನದಿಂದಲೇ ಕೇಳಿದರು: ಯಾವಾಗ ಹೊಡೆದರು, ಯಾವ ತಾರೀಖು, ಯಾರು ನೋಡಿದರು? ಆಕೆ "ಪಂಚಮಿ ಹಬ್ಬದ ಮುಂದರೀ" ಎಂದು ಹೇಳಿ ಅಳತೊಡಗಿದಳು. ಹೊರಗೆ ಬಂದ ಮೇಲೆ ನಮಗೆ ಹೇಳಿದ ಮಾತು ಇದು: "ಎಲ್ಲಾ ನನ್ನ ಎದಿಯೊಳಗ ಬರದಿಟ್ಟೇನ್ರೀ ಅಣ್ಣಾರ, ಕಾಗದದಾಗ ಎಲ್ಲಿಂದ ತರ್ಲಿ?"

ಬಂಧುಗಳೇ, ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ನಾವು ಇಲ್ಲಿಗೆ ಬಂದಿದ್ದೇವೆ.

ಆ ದಿನ ಸಂಜೆ ಆಕೆಯ ಜೊತೆ ಕುಳಿತು ಹುಡುಕಲಾರಂಭಿಸಿದೆವು. ತಗಡಿನ ಟ್ರಂಕಿನಲ್ಲಿ, ರೇಶನ್ ಕಾರ್ಡಿನ ಮಡಿಕೆಯಲ್ಲಿ, ಸರಕಾರಿ ದವಾಖಾನೆಯ ಒಂದು ಹೊರರೋಗಿ ಚೀಟಿ ಸಿಕ್ಕಿತು. ಅದರ ಮೇಲೆ ಹುಡುಗನ ಹೆಸರಿತ್ತು, ತಾರೀಖಿತ್ತು, ಬೆನ್ನಿನ ಮೇಲೆ ಬಾಸುಂಡೆ ಎಂದು ವೈದ್ಯರು ಬರೆದದ್ದಿತ್ತು. ಪಂಚಾಂಗ ತೆಗೆದು ನೋಡಿದರೆ ಪಂಚಮಿಯ ಹಿಂದಿನ ದಿನ. ಶಾಲೆಯ ಹಾಜರಿ ಪುಸ್ತಕ ನೋಡಿದರೆ ಆ ವಾರ ಹುಡುಗ ನಾಲ್ಕು ದಿನ ಗೈರು. ಜಿನ್ನಿನ ಹಾಜರಿ ಪಟ್ಟಿ ನೋಡಿದರೆ ಆ ದಿನ ತಾಯಿಗೆ ಅರ್ಧ ಪಗಾರ. ಇನ್ನೂ ಒಂದು ಕಡೆ ಹೋದೆವು. ಅದು ಓಣಿಯ ಮೂಲೆಯ ಕಿರಾಣಿ ಅಂಗಡಿ. ಅಂಗಡಿಯವರು ತಮ್ಮ ಉದ್ರಿ ವಹಿಯನ್ನು ತಿರುವಿ ಹಾಕಿದರು. ಅದೇ ತಾರೀಖಿನ ರಾತ್ರಿ ಆಕೆಯ ಹೆಸರಿನಲ್ಲಿ ಎರಡು ಬಾಬು: ಅರಿಷಿಣ, ಮುಲಾಮಿನ ಡಬ್ಬಿ.

ನಾಲ್ಕು ಕಾಗದಗಳು, ನಾಲ್ಕು ಬೇರೆ ಬೇರೆ ಕೈಗಳು ಬರೆದದ್ದು. ಯಾರೂ ಕೋರ್ಟಿಗೆಂದು ಬರೆದದ್ದಲ್ಲ. ಆದರೂ ನಾಲ್ಕೂ ಒಂದೇ ತಾರೀಖನ್ನು ಹೇಳಿದವು. ಆ ಅಂಗಡಿಯವರು ಅರ್ಧ ದಿನ ಬಾಗಿಲು ಹಾಕಿ, ವಹಿಯನ್ನು ಬಗಲಲ್ಲಿಟ್ಟುಕೊಂಡು ಸಾಕ್ಷಿಗೆ ಬಂದರು. ವ್ಯಾಜ್ಯ ಮುಗಿಯುವ ತನಕ ಹುಡುಗ ತಾಯಿಯ ಹತ್ತಿರವೇ ಇರಬೇಕು, ತಂದೆ ಕೋರ್ಟಿನ ಆವರಣದಲ್ಲಿ, ಸಮಾಲೋಚಕರ ಎದುರಿಗೆ ಮಾತ್ರ ಅವನನ್ನು ಕಾಣಬಹುದು ಎಂದು ಆಜ್ಞೆಯಾಯಿತು. ತಾಯಿಯ ಎದೆಯಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ನ್ಯಾಯಾಧೀಶರಿಗೆ ಎದೆಯನ್ನು ಓದಲು ಬರುವುದಿಲ್ಲ, ಕಾಗದವನ್ನು ಓದಲು ಬರುತ್ತದೆ.

ಇನ್ನು ಈ ಕುಟುಂಬ ನ್ಯಾಯಾಲಯವೆಂದರೇನು, ಅದು ಎಲ್ಲಿಂದ ಬಂತು ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. 1953ರಲ್ಲಿ ದುರ್ಗಾಬಾಯಿ ದೇಶಮುಖರು ಚೀನಾ ದೇಶಕ್ಕೆ ಹೋಗಿ ಅಲ್ಲಿನ ಕುಟುಂಬ ನ್ಯಾಯಾಲಯಗಳನ್ನು ಕಂಡು ಬಂದರು. ಬಂದ ಮೇಲೆ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಛಾಗ್ಲಾ ಮತ್ತು ಗಜೇಂದ್ರಗಡಕರರೊಡನೆ ಆ ವಿಷಯವಾಗಿ ಚರ್ಚಿಸಿದರು. ಆಗ ನಮ್ಮ ರೋಣ ತಾಲೂಕು ಸಹ ಧಾರವಾಡ ಜಿಲ್ಲೆಯೊಡನೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ನಮ್ಮ ನೆರೆಯ ಗಜೇಂದ್ರಗಡದ ಹೆಸರನ್ನು ಅಡ್ಡಹೆಸರಾಗಿ ಹೊತ್ತ ಆ ನ್ಯಾಯಮೂರ್ತಿಗಳು ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಆ ಬಳಿಕ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 1974ರಲ್ಲಿ ಕೊಟ್ಟ 59ನೇ ವರದಿಯಲ್ಲಿ, ಸಂಸಾರದ ವ್ಯಾಜ್ಯಗಳನ್ನು ಹೊಲ-ಮನೆಯ ದಾವೆಗಳಂತೆ ನಡೆಸಬಾರದು, ಅದಕ್ಕೆ ಬೇರೆಯೇ ಒಂದು ರೀತಿ ಬೇಕು ಎಂದು ಹೇಳಿತು. ಮಹಿಳಾ ಸಂಘಟನೆಗಳು ಅದಕ್ಕಾಗಿ ಒತ್ತಾಯ ಮಾಡಿದವು. 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯಿದೆ ಬಂತು. ಕುಟುಂಬ ನ್ಯಾಯಾಲಯ ಸ್ಥಾಪನೆಯಾಗದ ಕಡೆ ಮಕ್ಕಳ ಸುಪರ್ದಿಯ ಅರ್ಜಿಯನ್ನು 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಂತೆ ಜಿಲ್ಲಾ ನ್ಯಾಯಾಲಯವು ಕೇಳುತ್ತದೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಆ ಪ್ರದೇಶದ ನ್ಯಾಯಾಲಯಕ್ಕೇ ಅರ್ಜಿ ಹೋಗಬೇಕು.

ಈ 1984ರ ಕಾಯಿದೆಯಲ್ಲಿ ಬಡವರು ನೆನಪಿಟ್ಟುಕೊಳ್ಳಬೇಕಾದ ಕಲಮುಗಳು ನಾಲ್ಕು. 11ನೇ ಕಲಮಿನಂತೆ, ಇಬ್ಬರಲ್ಲಿ ಒಬ್ಬರು ಕೇಳಿಕೊಂಡರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಬೇಕು. 12ನೇ ಕಲಮಿನಂತೆ ನ್ಯಾಯಾಲಯವು ವೈದ್ಯರ, ಸಮಾಜ ಕಲ್ಯಾಣ ತಜ್ಞರ ಸಹಾಯ ಪಡೆಯಬಹುದು. 13ನೇ ಕಲಮಿನಂತೆ ಅಲ್ಲಿ ವಕೀಲರನ್ನು ಇಡುವುದು ಯಾರ ಹಕ್ಕೂ ಅಲ್ಲ, ಆದುದರಿಂದ ವಕೀಲರಿಲ್ಲವೆಂದು ನಿಮ್ಮ ಮಾತನ್ನು ತಳ್ಳಿಹಾಕುವಂತಿಲ್ಲ. 14ನೇ ಕಲಮು ಎಲ್ಲಕ್ಕಿಂತ ದೊಡ್ಡದು. ವ್ಯಾಜ್ಯವನ್ನು ಸರಿಯಾಗಿ ತೀರ್ಮಾನಿಸಲು ನೆರವಾಗುವ ಯಾವ ವರದಿಯನ್ನಾಗಲಿ, ಹೇಳಿಕೆಯನ್ನಾಗಲಿ, ದಾಖಲೆಯನ್ನಾಗಲಿ, ಸಾಕ್ಷ್ಯ ಕಾಯಿದೆಯ ಬಿಗಿಯಾದ ನಿಯಮಗಳಲ್ಲಿ ಅದು ಕೂಡದಿದ್ದರೂ ಸ್ವೀಕರಿಸಲು ಕುಟುಂಬ ನ್ಯಾಯಾಲಯಕ್ಕೆ ಅಧಿಕಾರವಿದೆ. ಹಳೆಯ ಸಾಕ್ಷ್ಯ ಕಾಯಿದೆ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕುಟುಂಬ ನ್ಯಾಯಾಲಯದ ಈ ಅಧಿಕಾರ ಹಾಗೆಯೇ ಉಳಿದಿದೆ.

ಇದರ ಅರ್ಥವನ್ನು ತಪ್ಪಾಗಿ ತಿಳಿಯಬೇಡಿರಿ. ಬಾಗಿಲು ಅಗಲವಾಗಿದೆ ಎಂದರೆ ಒಳಗೆ ಬಂದದ್ದೆಲ್ಲ ನಂಬಿಕೆಗೆ ಪಾತ್ರವಾಯಿತೆಂದಲ್ಲ. ಕಾಗದವನ್ನು ತೆಗೆದುಕೊಳ್ಳುವುದು ಬೇರೆ, ತೂಗಿ ನೋಡುವುದು ಬೇರೆ. ಅಡತಿ ಅಂಗಡಿಯಲ್ಲಿ ಎಲ್ಲರ ಹತ್ತಿಯೂ ಇಳಿಯುತ್ತದೆ, ಆದರೆ ಧಾರಣೆ ಸಿಗುವುದು ಹತ್ತಿಯ ಗುಣ ನೋಡಿ.

ಹಾಗಾದರೆ ತೂಕವುಳ್ಳ ಕಾಗದ ಯಾವುದು? ಇದನ್ನು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾದ್ದೇ ಇಲ್ಲ. ಕಿರ್ದಿಯನ್ನು ಯಾರು ನಂಬುತ್ತಾರೆ? ಆಯಾ ದಿನದ ಲೆಕ್ಕವನ್ನು ಆಯಾ ದಿನವೇ ಬರೆದಿದ್ದರೆ ನಂಬುತ್ತಾರೆ. ವರ್ಷಾಂತ್ಯದಲ್ಲಿ ಕುಳಿತು ಒಂದೇ ಮಸಿಯಲ್ಲಿ, ಒಂದೇ ಉಸಿರಿನಲ್ಲಿ ಬರೆದ ಕಿರ್ದಿಯನ್ನು ಯಾವ ಲೆಕ್ಕಿಗನೂ ನಂಬುವುದಿಲ್ಲ. ಮಗುವಿನ ನೋವಿನ ಲೆಕ್ಕವೂ ಹೀಗೆಯೇ. ಒಂದು ಸಾದಾ ವಹಿ ಸಾಕು. ಘಟನೆ ನಡೆದ ದಿನವೇ ಬರೆಯಿರಿ. ತಾರೀಖು, ಹೊತ್ತು, ಸ್ಥಳ ಬರೆಯಿರಿ. ತಾರೀಖು ತಿಳಿಯದಿದ್ದರೆ ಹಬ್ಬ ಬರೆಯಿರಿ, ಸಂತೆಯ ದಿನ ಬರೆಯಿರಿ, ಅಮಾವಾಸ್ಯೆ ಬರೆಯಿರಿ. ಪಂಚಾಂಗ ನೋಡಿ ಆಮೇಲೆ ತಾರೀಖು ಹಚ್ಚಬಹುದು. ಗೊತ್ತಿಲ್ಲದ ತಾರೀಖನ್ನು ಮಾತ್ರ ಊಹಿಸಿ ಬರೆಯಬೇಡಿರಿ. ಒಂದು ತಾರೀಖು ಸುಳ್ಳಾದರೆ ಉಳಿದ ಹತ್ತು ನಿಜಗಳೂ ಸುಳ್ಳಿನ ಸಾಲಿಗೆ ಸೇರುತ್ತವೆ.

ಬರೆಯುವಾಗ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿಡಬೇಕು. ನಾನು ಕಣ್ಣಾರೆ ಕಂಡದ್ದು, ಮಗುವಿನಿಂದಾಗಲಿ ಬೇರೆಯವರಿಂದಾಗಲಿ ಕೇಳಿದ್ದು, ನನಗೆ ಅನಿಸಿದ್ದು. "ಅವನು ರಾಕ್ಷಸ" ಎಂದು ಬರೆದರೆ ಅದು ಬೈಗುಳ. "ರಾತ್ರಿ ಒಂಬತ್ತರ ಸುಮಾರಿಗೆ ಬಾರುಕೋಲಿನಿಂದ ಬೆನ್ನಿಗೆ ಮೂರು ಏಟು ಹೊಡೆದ, ಮಗು ಅನ್ನ ಬಿಟ್ಟು ಕಾಟಿನ ಕೆಳಗೆ ಹೊಕ್ಕಿತು" ಎಂದು ಬರೆದರೆ ಅದು ಸಾಕ್ಷ್ಯ. ಮಗು ಹೇಳಿದ ಮಾತನ್ನು ಮಗುವಿನ ಮಾತಿನಲ್ಲಿಯೇ ಬರೆಯಿರಿ. ಅದು ತೊದಲಿದ್ದರೆ ತೊದಲಾಗಿಯೇ ಇರಲಿ. ದೊಡ್ಡವರ ಶಬ್ದ ತುರುಕಿ ತಿದ್ದಿದರೆ, ಎದುರು ಕಡೆಯವರು ಇದು ಗಿಣಿಪಾಠ ಎನ್ನುತ್ತಾರೆ. ಹಾಗೆ ಅನ್ನಲು ಅವರಿಗೆ ನಾವೇ ಅವಕಾಶ ಕೊಟ್ಟಂತಾಗುತ್ತದೆ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಮಗುವನ್ನು ಮತ್ತೆ ಮತ್ತೆ ಕೇಳಬೇಡಿರಿ. ಬೆಳಿಗ್ಗೆ ಅಜ್ಜಿ ಕೇಳುವುದು, ಮಧ್ಯಾಹ್ನ ಸೋದರಮಾವ ಕೇಳುವುದು, ಸಂಜೆ ಓಣಿಯವರೆಲ್ಲ ಸುತ್ತುಗಟ್ಟಿ ಕೇಳುವುದು, ಇದು ಸಾಕ್ಷ್ಯ ಕೂಡಿಸುವ ರೀತಿಯಲ್ಲ. ಗಾಯವನ್ನು ದಿನಾ ಕೆರೆದರೆ ಅದು ಮಾಯುವುದಿಲ್ಲ. ಮಗು ತಾನಾಗಿ ಹೇಳಿದಾಗ ಕೇಳಿಸಿಕೊಳ್ಳಿರಿ, ನಿನ್ನ ತಪ್ಪಿಲ್ಲ ಎಂದು ಹೇಳಿರಿ, ಬರೆದಿಡಿರಿ. ಅಷ್ಟು ಸಾಕು. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಲಯವೇ ಕೇಳಬಹುದೆಂದು 1890ರ ಕಾಯಿದೆಯ 17ನೇ ಕಲಮಿನಲ್ಲಿದೆ. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ತಾಯಿಯ ಸಾವಿನ ವಿಷಯದಲ್ಲಿಯೇ ಆರೋಪ ಹೊತ್ತಿದ್ದ ತಂದೆಗೆ ಕೆಳಗಿನ ಕೋರ್ಟುಗಳು ಮಗುವನ್ನು ಒಪ್ಪಿಸಿದ್ದವು. ಆ ಆರೋಪವನ್ನು ತೂಗಿ ನೋಡದೆ, ಮಗುವಿನ ಮನಸ್ಸನ್ನು ತಿಳಿಯದೆ ಹಾಗೆ ಮಾಡಿದ್ದು ತಪ್ಪೆಂದು ಹೇಳಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಗೊಳಿಸಿತು. ತಂದೆಯ ಹಕ್ಕು, ತಾಯಿಯ ಹಕ್ಕು ಎರಡಕ್ಕಿಂತಲೂ ಮಗುವಿನ ಹಿತವೇ ದೊಡ್ಡದೆಂಬುದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 13ನೇ ಕಲಮಿನಲ್ಲಿಯೂ ಇದೆ.

ವಹಿಯೊಂದೇ ಸಾಲದು. ನಿಮ್ಮ ಮಾತಿಗೆ ಬೇರೆಯವರ ಕಾಗದದ ಆಸರೆ ಬೇಕು. ದವಾಖಾನೆಯ ಚೀಟಿ, ಗಾಯದ ಪ್ರಮಾಣಪತ್ರ, ಅಂಗನವಾಡಿಯ ದಾಖಲೆ, ಶಾಲೆಯ ಹಾಜರಿ, ಪೊಲೀಸ್ ಠಾಣೆಗೆ ಕೊಟ್ಟ ಅರ್ಜಿಯ ಪೋಚಪಾವತಿ, ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಡಿರಿ. ಯಾವ ಕಾಗದವೂ ಸಣ್ಣದಲ್ಲ. ನಿಮ್ಮ ಕೈಗೆ ಸಿಗದ ಪುಸ್ತಕವನ್ನು ನ್ಯಾಯಾಲಯವೇ ತರಿಸಿಕೊಳ್ಳಬಹುದು, ಬರೆದವರನ್ನು ಕರೆಯಿಸಬಹುದು. ಅದಕ್ಕೆ ನೀವು ಒಂದು ಅರ್ಜಿ ಕೊಡಬೇಕು. ಬಳಿಕ ಇವೆಲ್ಲವನ್ನೂ ಕೂಡಿಸಿ ಪ್ರಮಾಣದ ಮೇಲೆ ಹೇಳಿಕೆ, ಅಂದರೆ ಅಫಿಡವಿಟ್ ಬರೆಸಬೇಕು. ಒಂದು ಸಂಗತಿಗೆ ಒಂದು ಪರಿಚ್ಛೇದ, ಪ್ರತಿಯೊಂದಕ್ಕೂ ಅಂಕಿ, ಆ ಸಂಗತಿಗೆ ಯಾವ ಕಾಗದವೋ ಅದರ ಅಂಕಿ. ಕನ್ನಡದಲ್ಲಿಯೇ ಬರೆಯಿಸಿರಿ. ಸಹಿ ಹಾಕುವ ಮೊದಲು ಪೂರ್ತಿ ಓದಿಸಿ ಕೇಳಿರಿ. ಓದಿ ಹೇಳದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ನಮ್ಮ ಎರಿಭೂಮಿಯ ಊರುಗಳಲ್ಲಿ ಕಡಿಮೆಯೇ? ಮಗುವನ್ನು ಹಾಗೆ ಕಳೆದುಕೊಳ್ಳಬೇಡಿರಿ. ಒಂದು ಪ್ರತಿ ಕೋರ್ಟಿಗೆ, ಒಂದು ಎದುರುವಾದಿಗೆ, ಒಂದು ನಿಮ್ಮ ಚೀಲಕ್ಕೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಗಾಯದ ಫೋಟೊ, ಬೆದರಿಕೆಯ ಸಂದೇಶ, ಧ್ವನಿ, ಇವೂ ಸಾಕ್ಷ್ಯವೇ. ಗಂಡ-ಹೆಂಡಿರ ನಡುವಿನ ಮಾತನ್ನು ಒಬ್ಬರು ಗುಟ್ಟಾಗಿ ಮುದ್ರಿಸಿಕೊಂಡಿದ್ದರೂ ವಿವಾಹದ ವ್ಯಾಜ್ಯದಲ್ಲಿ ಅದನ್ನು ಪರಿಶೀಲಿಸಬಹುದೆಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೂಲದ ಫೋನನ್ನು ಮಾರಬೇಡಿರಿ, ಅದರಲ್ಲಿರುವುದನ್ನು ಅಳಿಸಬೇಡಿರಿ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಜೊತೆಗೆ ಕೊಡಬೇಕಾಗುತ್ತದೆ. ಆದರೆ ಅಳುವ ಮಗುವಿನ ಬಾಯಿಯ ಮುಂದೆ ಫೋನು ಹಿಡಿದು "ಹೇಳು, ಹೇಳು" ಎಂದು ಪೀಡಿಸುವುದು ಇನ್ನೊಂದು ಹಿಂಸೆ. ಅದನ್ನು ಮಾಡಬಾರದು. ಅಂಥ ಚಿತ್ರವನ್ನು ಊರಿಗೆಲ್ಲ ಕಳಿಸುವುದಂತೂ ಅಪರಾಧ. ನೊಂದ ಮಗುವಿನ ಹೆಸರು, ಊರು, ಶಾಲೆ, ಚಿತ್ರ ಬಯಲು ಮಾಡಿದವರಿಗೆ 2015ರ ಬಾಲನ್ಯಾಯ ಕಾಯಿದೆಯ 74ನೇ ಕಲಮಿನಲ್ಲಿ ಆರು ತಿಂಗಳವರೆಗಿನ ಸೆರೆಮನೆಯಿದೆ. ಆ ಹುಡುಗನ ಹೆಸರನ್ನು ನಾವು ಹೇಳದಿದ್ದುದು ಏಕೆಂದು ಈಗ ತಿಳಿಯಿತಲ್ಲವೇ?

ಇನ್ನೊಂದು ಮುಖ್ಯ ಮಾತು. ಕುಟುಂಬ ನ್ಯಾಯಾಲಯದ ಕಾಗದವು ಪೊಲೀಸ್ ಫಿರ್ಯಾದಿಗೆ ಬದಲಿಯಲ್ಲ. ಮಗುವಿಗೆ ಈಗಲೇ ಅಪಾಯವಿದ್ದರೆ ವಹಿ ಬರೆಯುತ್ತ ಕೂಡ್ರಬೇಡಿರಿ. 1098ಕ್ಕೆ ಫೋನು ಮಾಡಿರಿ. ಹಗಲಾಗಲಿ ರಾತ್ರಿಯಾಗಲಿ ಅದಕ್ಕೆ ದುಡ್ಡಿಲ್ಲ. ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿಯಿದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸಿಸಿದರೆ ಬಾಲನ್ಯಾಯ ಕಾಯಿದೆಯ 75ನೇ ಕಲಮಿನಂತೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯಿದೆಯ ಮಾತು ಇನ್ನೂ ಕಟ್ಟುನಿಟ್ಟು. ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಹಿತವಾದ ಕಡೆ ಬರೆದುಕೊಳ್ಳಬೇಕು, ಪೊಲೀಸರು ಖಾಕಿ ಉಟ್ಟು ಬರಬಾರದು. ಇಂಥದನ್ನು ಹಿರಿಯರು ಕಟ್ಟೆಯ ಮೇಲೆ ಕುಳಿತು ರಾಜಿ ಮಾಡಿಸುವಂತಿಲ್ಲ. ದಂಡ ಹಾಕಿ, ಕೈ ಮುಗಿಸಿ, "ಆದದ್ದಾಯ್ತು" ಎಂದು ಎದ್ದು ಹೋಗುವ ಹಿರಿತನಕ್ಕೆ ಕಾನೂನಿನಲ್ಲಿ ಸ್ಥಳವಿಲ್ಲ.

"ಮನೆತನದ ಮಾನ ಹೋಗುತ್ತದೆ" ಎನ್ನುವವರಿಗೆ ನಾವು ಕೇಳುತ್ತೇವೆ: ಮಾನ ಹೋಗುವುದು ಬಡಿದವನಿಂದಲೋ, ಬರೆದವಳಿಂದಲೋ? "ಬಡತನ, ಕುಡಿತ, ಸಾಲ, ಏನು ಮಾಡ್ತಾನ ಪಾಪ" ಎನ್ನುವವರೂ ಇದ್ದಾರೆ. ಬಡತನದ ವಿರುದ್ಧ ನಾವು ಹೋರಾಡುತ್ತೇವೆ, ಆದರೆ ಅದನ್ನು ನೆವವಾಗಿ ಒಪ್ಪುವುದಿಲ್ಲ. ಮಾಲಕನ ಮೇಲಿನ ಸಿಟ್ಟನ್ನು ಮಗನ ಬೆನ್ನಿನ ಮೇಲೆ ತೀರಿಸುವವನು ದುಡಿಯುವ ವರ್ಗಕ್ಕೆ ಗೌರವ ತರುವವನಲ್ಲ. ಇನ್ನು ಉಳ್ಳವರ ಮನೆಗಳಲ್ಲಿ ಇದು ನಡೆಯುವುದೇ ಇಲ್ಲವೆಂದು ತಿಳಿಯಬೇಡಿರಿ. ಅವರ ಗೋಡೆ ದಪ್ಪ, ಸದ್ದು ಹೊರಗೆ ಬರುವುದಿಲ್ಲ, ಅಷ್ಟೇ.

ನ್ಯಾಯದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗಂಡ-ಹೆಂಡಿರ ಜಗಳದಲ್ಲಿ ಎದುರಿನವರನ್ನು ಸೋಲಿಸುವುದಕ್ಕಾಗಿ ಮಗುವಿನ ಹೆಸರಿನಲ್ಲಿ ಸುಳ್ಳು ಬರೆಯುವವರೂ ಉಂಟು. ಅದು ನಿರಪರಾಧಿಗೆ ಮಾಡಿದ ಅನ್ಯಾಯ ಮಾತ್ರವಲ್ಲ, ನಿಜವಾಗಿ ನೊಂದ ಸಾವಿರ ಮಕ್ಕಳ ಮಾತಿನ ಬೆಲೆಯನ್ನು ಇಳಿಸಿದಂತೆ. ಆಯಾ ದಿನವೇ ಬರೆದ ನೇರವಾದ ಕಾಗದವು ನೊಂದವರನ್ನು ಕಾಯುವಂತೆ, ಸುಳ್ಳು ಆರೋಪ ಹೊತ್ತವರನ್ನೂ ಕಾಯುತ್ತದೆ.

ಕೊನೆಗೆ ಖರ್ಚಿನ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಹಾಗೂ ಕೈಗಾರಿಕೆಯ ಕೆಲಸಗಾರರಿಗೆ ಉಚಿತ ಕಾನೂನು ನೆರವು ಸಿಗಬೇಕು. ಗಿರಣಿಯ ಬಂಧುಗಳೇ, ನಿಮ್ಮ ಹೆಸರು ಆ ಕಲಮಿನಲ್ಲಿಯೇ ಇದೆ. ರೋಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು, ಗದಗಿನಲ್ಲಿ ಜಿಲ್ಲಾ ಪ್ರಾಧಿಕಾರವನ್ನು ಕಾಣಿರಿ, ಇಲ್ಲವೇ 15100ಕ್ಕೆ ಫೋನು ಮಾಡಿರಿ. ಕೇಳುವುದು ಭಿಕ್ಷೆಯಲ್ಲ, ಹಕ್ಕು. ತೀರ್ಪು ಸರಿಯೆನಿಸದಿದ್ದರೆ 30 ದಿನಗಳೊಳಗೆ ಹೈಕೋರ್ಟಿಗೆ ಅಪೀಲು ಹೋಗಬಹುದು. ಧಾರವಾಡದಲ್ಲಿಯೇ ಹೈಕೋರ್ಟಿನ ಪೀಠವಿದೆ, ಬೆಂಗಳೂರಿನ ತನಕ ಹೋಗಬೇಕಾಗಿಲ್ಲ.

ಆದರೆ ಕಾನೂನು ಕೊಡದ ಕೆಲವು ಸಂಗತಿಗಳಿವೆ. ಕೋರ್ಟಿಗೆ ಹೋದ ದಿನ ತಾಯಿಯ ಪಗಾರ ಹೋಗುತ್ತದೆ. ಸಾಕ್ಷಿಗೆ ಬಂದ ನೆರೆಯವನ ಕೂಲಿ ಹೋಗುತ್ತದೆ. ಬಸ್ಸಿನ ಚಾರ್ಜು ಕೈಯಿಂದ ಹೋಗುತ್ತದೆ. ಇದಕ್ಕೆ ಹೆದರಿಯೇ ಎಷ್ಟೋ ಸಾಕ್ಷಿಗಳು ಮನೆಯಲ್ಲಿ ಉಳಿದುಬಿಡುತ್ತಾರೆ. ಈ ಗದಗ ನಾಡಿಗೆ ಕೂಡಿ ನಡೆಯುವುದು ಹೊಸದಲ್ಲ. 1905ರಲ್ಲಿಯೇ ಕಣಗಿನಹಾಳದಲ್ಲಿ ಸಿದ್ಧನಗೌಡರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಸಾಲಕ್ಕೆ ಕೂಡಿದ ಕೈಗಳು ಸಾಕ್ಷಿಗೆ ಕೂಡಲಾರವೇ? ಆದುದರಿಂದ ನಮ್ಮ ಕೋರಿಕೆ ಮೂರು. ಪ್ರತಿ ಓಣಿಯಲ್ಲಿ ಬರೆಯಬಲ್ಲ, ಬಾಯಿ ಬಿಗಿಯಿರುವ ಒಬ್ಬರು, ಸಾಧ್ಯವಾದರೆ ಒಬ್ಬ ತಾಯಿ, ಈ ಕೆಲಸಕ್ಕೆ ನಿಲ್ಲಬೇಕು. ಕಾರ್ಮಿಕ ಸಂಘದವರು ಸಾಕ್ಷಿಗೆ ಹೋದವರ ಒಂದು ದಿನದ ಕೂಲಿಯನ್ನು ವಂತಿಗೆ ಕೂಡಿಸಿ ತುಂಬಿಕೊಡಬೇಕು. ಅಂಗಡಿಕಾರ ಮಿತ್ರರು ತಮ್ಮ ಉದ್ರಿ ವಹಿಗಳನ್ನು ವರ್ಷ ಮುಗಿದೊಡನೆ ರದ್ದಿಗೆ ಹಾಕದೆ ಜೋಪಾನವಾಗಿಡಬೇಕು. ಒಂದು ಮುಲಾಮಿನ ಡಬ್ಬಿಯ ಲೆಕ್ಕವು ಒಂದು ಮಗುವಿನ ಬಾಳನ್ನು ಕಾದದ್ದನ್ನು ನಾವು ಕಂಡಿದ್ದೇವೆ.

ಆ ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ವ್ಯಾಜ್ಯ ಇನ್ನೂ ನಡೆದಿದೆ. ಮೊನ್ನೆ ಅವನ ತಾಯಿ ಸಿಕ್ಕಾಗ ಚೀಲದಿಂದ ಒಂದು ವಹಿ ತೆಗೆದು ತೋರಿಸಿದಳು. ಆಕೆಗೆ ಬರೆಯಲು ಬರುವುದಿಲ್ಲ. ತಾನು ಹೇಳಿ ಮಗಳ ವಯಸ್ಸಿನ ನೆರೆಮನೆಯ ಹುಡುಗಿಯಿಂದ ಬರೆಸಿದ್ದಳು. ಕೊನೆಯ ಹಾಳೆಯಲ್ಲಿ ಒಂದೇ ಸಾಲಿತ್ತು: "ಇಂದು ಸೋಮವಾರ. ಮಗ ರಾತ್ರಿ ಚೀರದೆ ಮಲಗಿದ."

ಆ ಸಾಲನ್ನು ಸಹ ಬರೆದಿಡಬೇಕು, ಬಂಧುಗಳೇ. ಅದೂ ಸಾಕ್ಷ್ಯವೇ.